ಮೂರು ನೀಲಿ ಟಿಕ್ ಬಂದರೆ ಸರ್ಕಾರ ಓದಿದೆ ಎನ್ನುವುದು ಸುಳ್ಳು

ತೀರ್ಥಹಳ್ಳಿ, ಹೊಸನಗರ ಕಡೆಯ ವಾಟ್ಸಾಪ್ ಗ್ರೂಪ್‌ಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ‘ನಾಳೆಯಿಂದ ಎಲ್ಲ ಕರೆ ರೆಕಾರ್ಡ್ ಆಗುತ್ತೆ. ಮೂರು ನೀಲಿ ಟಿಕ್ ಬಂದರೆ ಸರ್ಕಾರ ನಿಮ್ಮ ಮೆಸೇಜ್ ನೋಡಿದೆ. ರಾಜಕಾರಣಿಗಳನ್ನು ಟೀಕಿಸಿದರೆ 66ಎ ಅಡಿ ಜೈಲು’ ಅಂತ. ಇದು ಪೂರ್ತಿ ಸುಳ್ಳು. ವರ್ಷಗಳಿಂದ ಸುತ್ತುತ್ತಿರುವ ಹಳೇ ಸುಳ್ಳು.

ನಿಮ್ಮ ಫೋನನ್ನೇ ನೋಡಿ. ಒಂದು ಬೂದು ಟಿಕ್ ಅಂದರೆ ಮೆಸೇಜ್ ಹೋಗಿದೆ. ಎರಡು ಬೂದು ಅಂದರೆ ತಲುಪಿದೆ. ಎರಡೂ ನೀಲಿಯಾದರೆ ಓದಿದ್ದಾರೆ. ಮೂರನೇ ಟಿಕ್ ಅನ್ನೋದೇ ಇಲ್ಲ.

66ಎ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇದು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿದ್ದ ಒಂದು ಕಲಂ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಾಳ್ ಠಾಕ್ರೆ ನಿಧನದ ನಂತರದ ಬಂದ್ ಬಗ್ಗೆ ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ ಒಬ್ಬ ಯುವತಿಯನ್ನು, ಅದಕ್ಕೆ ಲೈಕ್ ಒತ್ತಿದ ಇನ್ನೊಬ್ಬಳನ್ನು ಪೊಲೀಸರು ಇದರಡಿ ಬಂಧಿಸಿದ್ದರು. ಆಮೇಲೆ ಇದನ್ನು ಪ್ರಶ್ನಿಸಿದ್ದ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ಆ ಕಲಮನ್ನೇ ರದ್ದು ಮಾಡಿತು. ಅದರಡಿ ಯಾರ ಮೇಲೂ ಕೇಸ್ ನಡೆಸಬಾರದು ಎಂದು 2022ರಲ್ಲಿ ಮತ್ತೆ ಹೇಳಿತು.

ಇಂಥ ಮೆಸೇಜ್ ನಂಬಿ ಊರಿನ ರಸ್ತೆ ಗುಂಡಿಯ ಫೋಟೋ ಹಾಕಿದವರು ಅದನ್ನು ಅಳಿಸಿಬಿಟ್ಟರೆ ನಷ್ಟ ಊರಿಗೇ ಅಲ್ವಾ? ಶಾಸಕರನ್ನು, ಮಂತ್ರಿಯನ್ನು ಪ್ರಶ್ನೆ ಕೇಳೋದು ಅಪರಾಧವಲ್ಲ. ಹಾಗಂತ ಏನು ಬೇಕಾದರೂ ಬರೆಯಬಹುದು ಅಂತಲೂ ಅಲ್ಲ. ಮಾನಹಾನಿ, ಬೆದರಿಕೆ, ಧರ್ಮ-ಜಾತಿಗಳ ನಡುವೆ ದ್ವೇಷ ಹಚ್ಚುವ ಮಾತಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಡಿ ಈಗಲೂ ಕೇಸ್ ಆಗುತ್ತದೆ.