ಸತ್ಯಾಂಶ: ಕೋಣೆಯಲ್ಲಿ ಕೂಡಿಹಾಕಿದರೆ ಚಟ ಬಿಡುತ್ತದೆಯೇ?

ಕುಡಿತ ಅಥವಾ ಡ್ರಗ್ಸ್ ಚಟ ಇರುವವರನ್ನು ಮೂರು ದಿನ ಕೋಣೆಯಲ್ಲಿ ಕೂಡಿಹಾಕಿ, ಎಷ್ಟೇ ಕೂಗಿದರೂ ಬಾಗಿಲು ತೆಗೆಯಬೇಡಿ, ಚಟ ಬಿಟ್ಟುಹೋಗುತ್ತದೆ ಎಂಬ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇದು ತಪ್ಪು. ಕುಡಿತದ ವಿಷಯದಲ್ಲಂತೂ ಜೀವಕ್ಕೇ ಅಪಾಯ.

ಈ ನಂಬಿಕೆಯನ್ನು ಬೆಳೆಸಿದ್ದರಲ್ಲಿ ಹಳೆಯ ಸಿನಿಮಾಗಳ ಪಾಲೂ ಇರಬಹುದು. 1955ರ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ ಹಾಲಿವುಡ್ ಚಿತ್ರದಲ್ಲಿ ನಟ ಫ್ರಾಂಕ್ ಸಿನಾತ್ರಾನದು ಮಾದಕವ್ಯಸನಿಯ ಪಾತ್ರ. ಬೀಗ ಹಾಕಿದ ಕೋಣೆಯಲ್ಲಿ ಹೊರಳಾಡಿ, ಚಳಿಯಿಂದ ನಡುಗಿ, ಕೊನೆಗೆ ಚೇತರಿಸಿಕೊಳ್ಳುತ್ತಾನೆ. ಚಿತ್ರಗಳಲ್ಲಿ ಏನನ್ನು ತೋರಿಸಬಾರದೆಂಬ ಹಾಲಿವುಡ್ಡಿನ ನಿಯಮಾವಳಿ ಮಾದಕವ್ಯಸನದ ವಿಷಯವನ್ನೇ ನಿಷೇಧಿಸಿದ್ದ ಕಾಲದಲ್ಲಿ ಅಂಥ ಚಿತ್ರ ತೆಗೆದ ಧೈರ್ಯ ದೊಡ್ಡದು, ಅಭಿನಯವೂ ಅದ್ಭುತ. ಆದರೆ ಅದು ಚಿಕಿತ್ಸೆಯ ಪಾಠವಲ್ಲ.

ವರ್ಷಗಟ್ಟಲೆ ವಿಪರೀತ ಕುಡಿದವರು ಥಟ್ಟನೆ ನಿಲ್ಲಿಸಿದರೆ 6ರಿಂದ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಎರಡು-ಮೂರು ದಿನಕ್ಕೆ ಕೆಲವರಿಗೆ ‘ಡೆಲಿರಿಯಂ ಟ್ರೆಮೆನ್ಸ್’ ಕಾಣಿಸಿಕೊಳ್ಳುತ್ತದೆ: ಕೈ ನಡುಕ, ಜ್ವರ, ಇಲ್ಲದ್ದು ಕಾಣುವುದು, ತಾವು ಯಾರು, ಎಲ್ಲಿದ್ದೇವೆಂಬ ಅರಿವೇ ತಪ್ಪುವುದು. ಚಿಕಿತ್ಸೆ ಸಿಗದಿದ್ದರೆ ಸಾವೂ ಸಂಭವಿಸಬಹುದು. ಆಸ್ಪತ್ರೆಯಲ್ಲಿ ಔಷಧ ಮತ್ತು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ಇದನ್ನು ನಿಭಾಯಿಸುತ್ತಾರೆ. ಹೆರಾಯಿನ್ ಬಿಟ್ಟವರ ಅಪಾಯ ಬೇರೆ: ದೇಹದ ತಾಳಿಕೆ ಇಳಿದಿರುತ್ತದೆ, ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಮೆಥಡೋನ್, ಬ್ಯೂಪ್ರೆನಾರ್ಫಿನ್‌ನಂಥ ಔಷಧಗಳು ಆ ಸಾವುಗಳನ್ನು ತಗ್ಗಿಸುತ್ತವೆ.

ಇನ್ನೊಂದು ತಪ್ಪು ನಂಬಿಕೆಯ ಬಗ್ಗೆಯೂ ಒಂದು ಮಾತು. ಮೇಲೆ ಹೇಳಿದ ಚಿತ್ರದಲ್ಲೇ ನಾಯಕನ ಹೆಂಡತಿ ನಡೆಯಬಲ್ಲವಳಾದರೂ ಗಾಲಿಕುರ್ಚಿಯಲ್ಲಿ ಕೂತು ನಾಟಕವಾಡುತ್ತಾಳೆ. ಅದು ಕಥೆಯಷ್ಟೇ; ಗಾಲಿಕುರ್ಚಿಯಿಂದ ಎದ್ದುನಿಂತವರೆಲ್ಲ ಮೋಸಗಾರರು ಎನ್ನುವ ವಿಡಿಯೊಗಳನ್ನೂ ನಂಬಬೇಡಿ. ನೋವು, ಸುಸ್ತು ಅಥವಾ ಸಮತೋಲನದ ತೊಂದರೆಯಿಂದ ಗಾಲಿಕುರ್ಚಿ ಬಳಸುವ ಅನೇಕರು ನಾಲ್ಕು ಹೆಜ್ಜೆ ನಡೆಯಬಲ್ಲರು.