ಟೂಸಾನ್‌ಗೆ ಹೋದ್ರೆ ಸೌತ್ ಸೈಡ್ ಬಿಡ್ಬೇಡಿ
ಅಮೆರಿಕದ ಅರಿಜೋನಾದ ಟೂಸಾನ್‌ನಲ್ಲಿ ಊಟಕ್ಕೆ ಡೌನ್‌ಟೌನ್ ಒಂದೇ ಸಾಕು ಅಂತ ನಿಮ್ ಲೇಖನದಲ್ಲಿ ಬರ್ದಿದೀರಲ್ಲ ಸರ್, ಅದು ಮಾತ್ರ ಒಪ್ಕೊಳೋಕಾಗ್ತಿಲ್ಲ. ಡೌನ್‌ಟೌನ್‌ನ ಎಲ್ ಚಾರೋ ಹೋಟೆಲ್ ನೋಡ್ಲೇಬೇಕು ನಿಜ, 1922ರಿಂದ ಇದೆ, ಮಾಂಸ ಚಾವಣಿ ಮೇಲೆ ಒಣಗಿಸಿ ಕಾರ್ನೆ ಸೆಕಾ ಮಾಡ್ತಾರೆ, ನಮ್ಮಲ್ಲಿ ಮಹಡಿ ಮೇಲೆ ಸಂಡಿಗೆ ಒಣಗಿಸ್ದಂಗೆ. ಆದ್ರೆ ಸೌತ್ ಸೈಡ್‌ನ ಸೌತ್ 12ನೇ ಅವೆನ್ಯೂ ಕಡೆ ಹೋಗ್ದೆ ವಾಪಸ್ ಬಂದ್ರೆ ಏನು ತಿಂದಂಗಾಯ್ತು? ಅಲ್ಲಿನ ಎಲ್ ಗ್ವೆರೋ ಕನೆಲೋ ಹೋಟೆಲ್‌ಗೆ 2018ರಲ್ಲಿ ಜೇಮ್ಸ್ ಬಿಯರ್ಡ್ ಅನ್ನೋ ಅಮೆರಿಕದ ದೊಡ್ಡ ಅಡುಗೆ ಪ್ರಶಸ್ತಿ ಬಂತು, ಬೇಕನ್ ಸುತ್ತಿದ ಸಾಸೇಜು, ಮೆತ್ತನೆ ಬನ್ನು, ಮೇಲೆ ಪಿಂಟೋ ಕಾಳು, ಈರುಳ್ಳಿ, ಟೊಮೇಟೊ, ಅದೇ ಸೊನೋರನ್ ಹಾಟ್ ಡಾಗ್, ನಮ್ಮನೆಯವ್ರು ಎರಡು ತಿಂದ್ರು!

ನಾನು ವೆಜ್. ವೆಜ್‌ನವ್ರು ದಯವಿಟ್ಟು ಗಮನಿಸಿ, ಬೀನ್ಸ್‌ಗೂ ಟೋರ್ಟಿಯಾ (ಅಲ್ಲಿನ ರೊಟ್ಟಿ) ಹಿಟ್ಟಿಗೂ ಹಂದಿ ಕೊಬ್ಬು ಹಾಕೋದು ಅಲ್ಲಿ ಹಳೇ ಪದ್ಧತಿ, ಅದಕ್ಕೆ ಮಾಂತೆಕಾ ಅಂತಾರೆ, ಆರ್ಡರ್‌ಗೆ ಮುಂಚೆನೇ ಕೇಳ್ಕೊಳ್ಳಿ.

ಇನ್ನೊಂದು, 2015ರಲ್ಲಿ ಯುನೆಸ್ಕೋ ಟೂಸಾನ್‌ನ ಗ್ಯಾಸ್ಟ್ರಾನಮಿ ನಗರ, ಅಂದ್ರೆ ಊಟದ ಸಂಸ್ಕೃತಿಗೆ ಹೆಸರಾದ ನಗರ ಅಂತ ಆರಿಸ್ತು, ಅಮೆರಿಕದಲ್ಲೇ ಮೊದಲ್ನೇದು, ಅದಕ್ಕೆ ಮೂಲ ಮರುಭೂಮಿ ಬೇಸಾಯ. ಅಲ್ಲಿನ ಮೂಲನಿವಾಸಿಗಳಾದ ಟೊಹೊನೊ ಓಧಮ್ ಜನ ಮಳೆ ನೀರಲ್ಲೇ ಬೆಳೆದ ಟೆಪರಿ ಕಾಳಿನ ಹೆಸ್ರೇ ನಿಮ್ ಲೇಖನದಲ್ಲಿಲ್ಲ, ಬೇಜಾರಾಯ್ತು. ನಾನು ಒಂದು ಪ್ಯಾಕೆಟ್ ತಂದು ರಾತ್ರಿಯೆಲ್ಲ ನೆನೆಸಿ ಕುಕ್ಕರ್‌ಗಿಟ್ಟು ಬಸ್ಸಾರು ಮಾಡ್ದೆ, ಬೇಯೋಕೆ ಟೈಮ್ ತಗೊಳ್ತು ಆದ್ರೆ ಕಟ್ಟು ಎಷ್ಟು ಚೆನ್ನಾಗ್ ಬಂತು ಅಂದ್ರೆ ಮುದ್ದೆ ಮಾಡ್ಲೇಬೇಕಾಯ್ತು.