ಮೊಂಡು ಚಾಕು

ನಮ್ಮ ಮನೆಯ ಚಾಕು ಮತ್ತೆ ಮೊಂಡಾಗಿದೆ. ಟೊಮೆಟೊ ಮೇಲೆ ಇಟ್ಟರೆ ಸಿಪ್ಪೆ ತಗ್ಗುತ್ತದೆಯೇ ಹೊರತು ಕುಯ್ಯುವುದಿಲ್ಲ. ಎಲ್ಲರೂ ಬೈಯುವುದು ಸಾಣೆ ಹಿಡಿದವನನ್ನೇ. ಪಾಪ, ಅವನು ಬಂದುಹೋಗಿ ಹದಿನೈದು ದಿನವೂ ಆಗಿಲ್ಲ.

1835ರಲ್ಲಿ ಲಂಡನ್ನಿನ ಸೇಂಟ್ ಬಾರ್ತಲೊಮ್ಯೂಸ್ ಆಸ್ಪತ್ರೆಯಲ್ಲೂ ಇದೇ ಗೋಳು. ಹೆಣ ಕೊಯ್ದು ಕಲಿಯುವ ಕೋಣೆಯಲ್ಲಿ ಕೆಲವು ಹೆಣಗಳ ಮಾಂಸದ ತುಂಬ ಮರಳಿನಂಥ ಬಿಳಿ ಚುಕ್ಕೆ. ತಾಗಿದರೆ ಕರಕರ, ಅಲಗು ಮೊಂಡು. ಗುರುಗಳಿಗೂ ಕಂಡಿತ್ತು, ಶಿಷ್ಯರಿಗೂ ಕಂಡಿತ್ತು. ಜೇಮ್ಸ್ ಪ್ಯಾಜೆಟ್ ಅನ್ನುವ 21ರ ಹುಡುಗ, ಮೊದಲ ವರ್ಷದವನು, ಭೂತಗನ್ನಡಿ ಹಿಡಿದು ಬಗ್ಗಿ ನೋಡಿದ. ಒಳಗೇನೋ ಇದೆ!

ಸರಿಯಾದ ಮೈಕ್ರೋಸ್ಕೋಪು ಕೈಗೆ ಸಿಗಲಿಲ್ಲ. ಹುಡುಗ ಬ್ರಿಟಿಷ್ ಮ್ಯೂಸಿಯಂಗೆ ಹೊರಟ. ಈ ದೃಶ್ಯ ನನಗೆ ಬಹಳ ಇಷ್ಟ. ಫೆಬ್ರವರಿಯ ಚಳಿ. ಆ ಮಾಂಸದ ಚೂರನ್ನು ಹೇಗೆ ಒಯ್ದನೋ, ಜೇಬಲ್ಲೋ, ಕಾಗದದಲ್ಲಿ ಸುತ್ತಿಯೋ. ದಾರಿಯಲ್ಲಿ ಯಾರಾದರೂ ಸಿಕ್ಕಿ ‘ಏನಪ್ಪಾ ಪೊಟ್ಟಣ?’ ಅಂದಿದ್ದರೆ? ಅಲ್ಲಿದ್ದವರು ರಾಬರ್ಟ್ ಬ್ರೌನ್, ಗಿಡಮರಗಳ ಪಂಡಿತರು. ಹೂವು ನೋಡುವ ಗಾಜಿನ ಕೆಳಗೆ ಹೆಣದ ಮಾಂಸ ಇಡಲು ಬಿಟ್ಟರಲ್ಲ, ದೊಡ್ಡ ಮನಸ್ಸು. ನಮ್ಮ ಪಕ್ಕದ ಮನೆಯವರು ಏಣಿ ಕೇಳಿದರೂ ಮುಖ ಹುಳ್ಳಗೆ ಮಾಡುತ್ತಾರೆ. ಇರಲಿ. ಗೂಡಿನೊಳಗೆ ಸುರುಳಿ ಸುತ್ತಿ ಮಲಗಿದ ಪುಟ್ಟ ಹುಳ ಕಂಡಿತು.

ಫೆಬ್ರವರಿ 6ಕ್ಕೆ ಹುಡುಗ ಆಸ್ಪತ್ರೆಯ ಸಂಘದಲ್ಲಿ ಇದನ್ನು ಓದಿದ. ಅದೇ ಹೆಣದ ಇನ್ನೊಂದು ಚೂರು ರಿಚರ್ಡ್ ಓವನ್ ಎಂಬ ಹೆಸರುವಾಸಿಯ ಮೇಜು ಸೇರಿತು. 24ಕ್ಕೆ ಅವರು ಜೂವಾಲಜಿಕಲ್ ಸೊಸೈಟಿಯಲ್ಲಿ ಓದಿ, ‘ಟ್ರೈಕಿನಾ ಸ್ಪೈರಾಲಿಸ್’ ಅಂತ ನಾಮಕರಣವನ್ನೂ ಮುಗಿಸಿಬಿಟ್ಟರು. ಹೆಸರು ಬಂದದ್ದು ಅವರಿಗೇ. ಆದರೆ ಟ್ರೈಕಿನಾ ಅನ್ನುವ ಹೆಸರು ಆಗಲೇ ಒಂದು ನೊಣಕ್ಕಿತ್ತು. 1895ರಲ್ಲಿ ಅದನ್ನು ಟ್ರೈಕಿನೆಲ್ಲಾ ಅಂತ ತಿದ್ದಬೇಕಾಯಿತು. ನನಗಂತೂ ಒಳಗೊಳಗೇ ಖುಷಿ. ಬೇಯದ ಹಂದಿಮಾಂಸದಿಂದ ಬರುವ ಈ ಹುಳ ಮನುಷ್ಯರ ಪ್ರಾಣವನ್ನೇ ತೆಗೆಯುತ್ತದೆ ಅಂತ ಜರ್ಮನಿಯ ಡ್ರೆಸ್ಡನ್ನಿನಲ್ಲಿ ಗೊತ್ತಾಗುವ ಹೊತ್ತಿಗೆ 1860. ಇವರಿಗೆ ಮೊದಲು ಹೆಸರಿಡುವ ಅವಸರ.

ಗ್ರಾನೈಟ್ ಕಟ್ಟೆಯ ಮೇಲೆ ನೇರ ಹೆಚ್ಚಬೇಡಿ, ಚಾಕು ಮೊಂಡಾಗುವುದು ಅದಕ್ಕೇ ಅಂತ ನಾನು ಯುಗಾದಿಗೇ ಹೇಳಿದ್ದೆ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಗಣೇಶನ ಹಬ್ಬಕ್ಕೆ ಬಂದ ಭಾವಮೈದುನ ಹೋಳಿಗೆ ತಿನ್ನುತ್ತಾ ಅದನ್ನೇ ಹೇಳಿದ. ಮಾರನೇ ದಿನವೇ ಹೆಚ್ಚುವ ಮಣೆ ಬಂತು. ಈಗ ಅದು ಮೊಳೆಯಲ್ಲಿ ತೂಗುತ್ತಿದೆ, ಯಾರೂ ಇಳಿಸುವುದಿಲ್ಲ. ಮಕ್ಕಳು ಅದಕ್ಕೆ ಮಾವನ ಮಣೆ ಅನ್ನುತ್ತಾರೆ.